ಕಲ್ಲಿನ ಮನೆಯಲ್ಲಿ ಮಂದ್ರ ಸ್ವರ: ಬೇಸ್ ಟ್ರ್ಯಾಪ್ ಕುರಿತು ಒಂದು ಉಪನ್ಯಾಸ

ಕಲಬುರಗಿಯಲ್ಲಿ ಮನೆಯಲ್ಲೇ ಸಂಗೀತ ಕೇಳುವ ಆಸಕ್ತಿಯುಳ್ಳ ಗೆಳೆಯರ ಕೂಟದಲ್ಲಿ ಮಾಡಿದ ಉಪನ್ಯಾಸವನ್ನು ಓದಿಗೆ ಒಗ್ಗುವಂತೆ ತಿದ್ದಿ ಇಲ್ಲಿ ಕೊಡಲಾಗಿದೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಕುಳಿತಿರುವ ಹಲವರ ಮನೆಗಳಲ್ಲಿ ನಾನು ಸಂಗೀತ ಕೇಳಿದ್ದೇನೆ. ಒಳ್ಳೆಯ ಆಂಪ್ಲಿಫೈಯರ್ ಇದೆ, ಬಹಳ ಯೋಚಿಸಿ ಕೊಂಡ ಸ್ಪೀಕರುಗಳಿವೆ, ಜತನದಿಂದ ಕೂಡಿಟ್ಟ ಧ್ವನಿಮುದ್ರಣಗಳಿವೆ. ಆದರೂ ಹೆಚ್ಚುಕಡಿಮೆ ಎಲ್ಲರ ದೂರೂ ಒಂದೇ. ತಬಲಾ ಜೋಡಿಯ ಮಂದ್ರ ವಾದ್ಯವಾದ ಡಗ್ಗಾದ ಪೆಟ್ಟು ಬಿದ್ದಲ್ಲಿಗೆ ಮುಗಿಯುವ ಬದಲು ಗುಂಯ್ ಎಂದು ಕೋಣೆಯ ತುಂಬ ಹರಡಿಕೊಳ್ಳುತ್ತದೆ, ಆ ಗುಂಗಿನೊಳಗೆ ಗಾಯಕರ ಮಂದ್ರ ಸ್ವರಗಳು ಕಲಸಿಹೋಗುತ್ತವೆ, ಸೋಫಾದ ಈ ತುದಿಯಲ್ಲಿ ಕೂತವರಿಗೆ ಬೇಸ್, ಅಂದರೆ ಕೆಳಗಿನ ಸ್ವರ, ವಿಪರೀತ ಕೇಳಿದರೆ ಆ ತುದಿಯಲ್ಲಿ ಕೂತವರಿಗೆ ಅದು ಇಲ್ಲವೇ ಇಲ್ಲ. ಇದಕ್ಕೆ ಪರಿಹಾರವೆಂದು ಸ್ಪೀಕರ್ ಬದಲಿಸಿದವರಿದ್ದಾರೆ, ಕೇಬಲ್ ಬದಲಿಸಿದವರೂ ಇದ್ದಾರೆ. ತೊಂದರೆಯ ಮೂಲ ಕೋಣೆಯಲ್ಲೇ ಇದೆ, ಅದರಲ್ಲೂ ನಮ್ಮ ಭಾಗದ ಕಲ್ಲು ಮತ್ತು ಕಾಂಕ್ರೀಟಿನ ಕೋಣೆಗಳಲ್ಲಿ ಅದು ಬೇರೆ ಕಡೆಗಿಂತ ತೀವ್ರವಾಗಿದೆ, ಮೂಲೆಗಳಲ್ಲಿ ಬೇಸನ್ನು ಹೀರುವ ಸಾಕಷ್ಟು ದಪ್ಪನಾದ ಸಾಮಗ್ರಿ, ಅಂದರೆ ಬೇಸ್ ಟ್ರ್ಯಾಪ್, ಇಡದೆ ಅದಕ್ಕೆ ಬೇರೆ ಒಳದಾರಿಯಿಲ್ಲ ಎಂಬುದನ್ನು ಇವತ್ತು ಲೆಕ್ಕದ ಸಮೇತ ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ನಮ್ಮ ಮನೆಗಳನ್ನೇ ನೋಡೋಣ. ನೆಲಕ್ಕೆ ಶಹಾಬಾದ್ ಫರಸಿ ಅಥವಾ ಟೈಲ್ಸ್, ಗೋಡೆಗೆ ಕಲ್ಲು ಅಥವಾ ಒಂಬತ್ತಿಂಚಿನ ಇಟ್ಟಿಗೆ, ಮೇಲೆ ಆರ್‌ಸಿಸಿ ಸ್ಲ್ಯಾಬು. ಬೀದರಿನ ಹಳೆಯ ಓಣಿಗಳಿಗೆ ಹೋದರೆ ಗೋಡೆಗಳು ಇನ್ನೂ ದಪ್ಪ. ಗಿಲಾವು ಮಾಡಿದ ಗೋಡೆ, ನುಣುಪಾದ ಫರಸಿ ಇಂಥ ಗಟ್ಟಿ ಮೇಲ್ಮೈಗಳ ಮೇಲೆ ಬಿದ್ದ ಶಬ್ದಶಕ್ತಿಯಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಅಲ್ಲೇ ಉಳಿದು ಮಿಕ್ಕದ್ದೆಲ್ಲ ಕೋಣೆಗೆ ಮರಳಿ ಬರುತ್ತದೆ. ಇಂಟರ್ನೆಟ್ಟಿನಲ್ಲಿ ನಾವು ಓದುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದ ಮನೆಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದವು. ಅಲ್ಲಿನ ಮನೆಗಳಲ್ಲಿ ಮರದ ಚೌಕಟ್ಟಿನ ಮೇಲೆ ತೆಳುವಾದ ಜಿಪ್ಸಮ್ ಬೋರ್ಡು ಬಡಿದಿರುತ್ತಾರೆ. ಬೇಸ್ ಬಂದು ತಾಗಿದಾಗ ಆ ಬೋರ್ಡು ತಾನೇ ಕಂಪಿಸಿ ಸ್ವಲ್ಪ ಶಕ್ತಿಯನ್ನು ಕರಗಿಸುತ್ತದೆ, ಇನ್ನು ಸ್ವಲ್ಪವನ್ನು ಆಚೆಗೆ ಬಿಟ್ಟುಕೊಡುತ್ತದೆ. ಅಂದರೆ ಅಲ್ಲಿ ಗೋಡೆಯೇ ಒಂದು ಮಟ್ಟಿಗೆ ಬೇಸ್ ಟ್ರ್ಯಾಪಿನ ಕೆಲಸ ಮಾಡಿಕೊಡುತ್ತದೆ. ನಮ್ಮ ಗೋಡೆಗಳು ಅಲುಗುವುದಿಲ್ಲ. ಒಳಗೆ ಹುಟ್ಟಿದ ಮಂದ್ರಕ್ಕೆ ಕಿಟಕಿ ಬಾಗಿಲು ಬಿಟ್ಟರೆ ಹೊರಹೋಗುವ ದಾರಿಯೇ ಇಲ್ಲ. ಹಾಗಾಗಿ ಅವರು ಎರಡು ಮೂಲೆಗೆ ಸಾಕು ಎಂದು ಬರೆದಿದ್ದರೆ ನಾವು ನಾಲ್ಕು ಮೂಲೆಗೆ ಸಿದ್ಧರಾಗಬೇಕು.

ಇದು ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಅಮೆರಿಕದ ಭೌತವಿಜ್ಞಾನಿ ವಾಲೇಸ್ ಸಬೈನ್ 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸ ಮಂದಿರದಲ್ಲಿ ಮಾತು ಅರ್ಥವೇ ಆಗುವುದಿಲ್ಲವೆಂಬ ದೂರನ್ನು ಪರಿಶೀಲಿಸಲು ತೊಡಗಿದರು. ಪಕ್ಕದ ನಾಟಕಶಾಲೆಯ ಮೆತ್ತೆಗಳನ್ನು ರಾತ್ರಿ ಹೊತ್ತು ಒಳಗೆ ತಂದಿಟ್ಟು, ಆರ್ಗನ್ ಕೊಳವೆಯ ಧ್ವನಿ ನಿಂತ ಮೇಲೆ ಅದರ ಅನುರಣನ ಅಡಗಲು ಎಷ್ಟು ಹೊತ್ತು ಬೇಕಾಗುತ್ತದೆಂದು ಅಳೆದು, ಕೋಣೆಯ ಗಾತ್ರ ಹೆಚ್ಚಿದಷ್ಟೂ ಅನುರಣನ ಹೆಚ್ಚುತ್ತದೆ, ಹೀರುವ ಸಾಮಗ್ರಿ ಹೆಚ್ಚಿದಷ್ಟೂ ಅದು ತಗ್ಗುತ್ತದೆ ಎಂಬ ಸೂತ್ರವನ್ನು ಕಂಡುಕೊಂಡರು. ಮೀಟರಿನ ಲೆಕ್ಕದಲ್ಲಿ ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ ಒಟ್ಟು ಹೀರುವಿಕೆಯಿಂದ ಭಾಗಿಸಿದರೆ ಅನುರಣನದ ಅವಧಿ ಸಿಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿರುವ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಘನಗಾತ್ರ ಸುಮಾರು 34 ಘನ ಮೀಟರ್. ಕಿಟಕಿ ಬಾಗಿಲುಗಳನ್ನು ಲೆಕ್ಕಕ್ಕೆ ಹಿಡಿಯದೆ ಆರೂ ಮೈಗಳು ನೂರಕ್ಕೆ ಎರಡು ಪಾಲು ಮಾತ್ರ ಹೀರುತ್ತವೆಂದು ಇಟ್ಟುಕೊಂಡರೆ ಆ ಖಾಲಿ ಕೋಣೆಯ ಅನುರಣನ 4 ಸೆಕೆಂಡನ್ನು ಮೀರುತ್ತದೆ. ಸೋಫಾ, ಪರದೆ, ಜಮಖಾನ, ಪುಸ್ತಕದ ಅಲಮಾರಿ, ನಾಲ್ಕು ಜನ ಬಂದು ಕೂತ ಮೇಲೆ ಮೇಲಿನ ಸ್ವರಗಳ ಅನುರಣನ ಅರ್ಧ ಸೆಕೆಂಡಿನ ಹತ್ತಿರ ಇಳಿಯಬಹುದು. ಆದರೆ ಜಮಖಾನೆ ಪರದೆಗಳು ಬೇಸನ್ನು ಮುಟ್ಟುವುದೇ ಇಲ್ಲ, ಸೋಫಾ ಅಲ್ಪಸ್ವಲ್ಪ ತಗ್ಗಿಸೀತು. ಮೇಲಿನದು ಅಡಗಿ ಕೆಳಗಿನದು ಹಾಗೇ ಉಳಿದಾಗ ಕೋಣೆ ಮಬ್ಬಾಗಿ, ಭಾರವಾಗಿ ಕೇಳತೊಡಗುತ್ತದೆ. ಸಾಮಾನು ತುಂಬಿದ ಮೇಲೆ ಬೇಸ್ ಇನ್ನೂ ಕೆಟ್ಟಿತು ಎಂದು ಹಲವರು ಹೇಳುವುದರ ಹಿಂದೆ ಇರುವುದು ಇದೇ ಕಾರಣ.

ಬೇಸ್ ಯಾಕೆ ಬೇರೆ ಥರ ವರ್ತಿಸುತ್ತದೆ ಎಂದು ತಿಳಿಯಲು ತರಂಗದೂರದ, ಅಂದರೆ ಒಂದು ಅಲೆಯ ಉದ್ದದ, ಲೆಕ್ಕ ಬೇಕು. 20 ಡಿಗ್ರಿ ತಾಪಮಾನದಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. 10,000 ಹರ್ಟ್ಜಿನ, ಅಂದರೆ ಸೆಕೆಂಡಿಗೆ 10,000 ಕಂಪನಗಳ ಆವೃತ್ತಿಯ, ಝಣತ್ಕಾರದ ತರಂಗದೂರ ಮೂರೂವರೆ ಸೆಂಟಿಮೀಟರಿಗಿಂತ ಕಡಿಮೆ; 1,000 ಹರ್ಟ್ಜಿಗೆ 34 ಸೆಂಟಿಮೀಟರ್; 100 ಹರ್ಟ್ಜಿಗೆ 3.4 ಮೀಟರ್, 50 ಹರ್ಟ್ಜಿಗೆ ಹತ್ತಿರಹತ್ತಿರ 7 ಮೀಟರ್. ಅಂದರೆ 50 ಹರ್ಟ್ಜಿನ ಒಂದು ಅಲೆ ನಾವು ಕೂತ ಕೋಣೆಯೊಳಗೆ ಪೂರ್ತಿ ಹಿಡಿಸುವುದೂ ಇಲ್ಲ.

ದನಗಳಿಗೆ ನೀರಿಡುವ ಕಲ್ಲಿನ ಬಾನಿಯನ್ನು ನೆನಪಿಸಿಕೊಳ್ಳಿ. ಒಂದು ತುದಿಯಲ್ಲಿ ಕೈಯಿಂದ ನೀರನ್ನು ಒಂದೇ ಲಯದಲ್ಲಿ ತಳ್ಳುತ್ತಾ ಹೋದರೆ ಯಾವುದೋ ಒಂದು ಲಯಕ್ಕೆ ನೀರು ಇಡಿಯಾಗಿ ಆ ತುದಿಗೂ ಈ ತುದಿಗೂ ತೂಗಾಡತೊಡಗುತ್ತದೆ. ಎರಡೂ ತುದಿಯಲ್ಲಿ ನೀರು ಏರುತ್ತದೆ, ಇಳಿಯುತ್ತದೆ. ನಟ್ಟನಡುವೆ ಮಟ್ಟ ಬದಲಾಗುವುದಿಲ್ಲ, ಆದರೆ ನೀರು ಅತ್ತಿತ್ತ ಹರಿದಾಡುವ ರಭಸ ಅಲ್ಲೇ ಹೆಚ್ಚು. ಕೈ ತೆಗೆದ ಮೇಲೂ ತೂಗಾಟ ಕೂಡಲೇ ನಿಲ್ಲುವುದಿಲ್ಲ. ಕೋಣೆಯೊಳಗಿನ ಗಾಳಿಯೂ ಎರಡು ಗೋಡೆಗಳ ನಡುವೆ ಹೀಗೇ ತೂಗಾಡುತ್ತದೆ. ನೀರಿನ ಏರಿಳಿತದ ಜಾಗದಲ್ಲಿ ಇಲ್ಲಿ ಒತ್ತಡದ ಏರಿಳಿತವಿರುತ್ತದೆ. ಗೋಡೆಯ ಬಳಿ ಒತ್ತಡ ಹೆಚ್ಚು, ಗಾಳಿಯ ಚಲನೆ ಶೂನ್ಯ. ನಡುವೆ ಚಲನೆ ಹೆಚ್ಚು, ಒತ್ತಡ ಶೂನ್ಯ. ನಮ್ಮ ಕಿವಿ ಗ್ರಹಿಸುವುದು ಒತ್ತಡವನ್ನು. ಆದ್ದರಿಂದಲೇ ಗೋಡೆಗೆ ಒರಗಿ ಕೂತವರಿಗೆ ಬೇಸ್ ಅತಿಯಾಗುತ್ತದೆ, ನಡುವೆ ಕೂತವರಿಗೆ ಕಾಣೆಯಾಗುತ್ತದೆ. ಈ ತೂಗಾಟಗಳನ್ನು ರೂಮ್ ಮೋಡ್ ಎನ್ನುತ್ತಾರೆ. ಅತಿ ಕೆಳಗಿನ ಮೋಡ್ ಯಾವುದೆಂದು ತಿಳಿಯಲು ಶಬ್ದದ ವೇಗವನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಸಾಕು. ಅದರ ಎರಡರಷ್ಟು, ಮೂರರಷ್ಟು ಆವೃತ್ತಿಗಳಲ್ಲೂ ಮೋಡುಗಳು ಏಳುತ್ತವೆ.

ಈಗ ಅದೇ 12-10-10 ಅಡಿಯ ಕೋಣೆಗೆ ಬರೋಣ. ಉದ್ದದಿಂದ ಹುಟ್ಟುವವು 47, 94, 141 ಹರ್ಟ್ಜ್. ಅಗಲದಿಂದ 56, 112, 169. ಎತ್ತರವೂ 10 ಅಡಿಯೇ ಆದ್ದರಿಂದ ಅಲ್ಲಿಂದಲೂ ಮತ್ತೆ 56, 112, 169. ಅಗಲ ಮತ್ತು ಎತ್ತರ ಒಂದೇ ಅಳತೆಯಾದರೆ ಎರಡು ಮೋಡುಗಳು ಒಂದೇ ಜಾಗದಲ್ಲಿ ಒಂದರ ಮೇಲೊಂದು ಬಂದು ಕೂರುತ್ತವೆ. ಕಿವಿಗೆ ಬೀಳುವ ಉಬ್ಬರಕ್ಕೆ ಇದು ಬಹಳ ಕೆಟ್ಟ ಸನ್ನಿವೇಶ. ಮೂರೂ ಅಳತೆ ಒಂದೇ ಆಗಿರುವ ಕೋಣೆಯಂತೂ ಸಂಗೀತಕ್ಕೆ ಸಲ್ಲದು. ಹೊಸ ಮನೆ ಕಟ್ಟಿಸುವವರು ಇಲ್ಲಿದ್ದರೆ ಒಂದು ಮಾತು: 10 ಅಡಿ ಎತ್ತರಕ್ಕೆ ಹೊಂದುವಂತೆ ಸುಮಾರು ಹನ್ನೊಂದೂವರೆ ಅಡಿ ಅಗಲ, 14 ಅಡಿ ಉದ್ದ ಇಟ್ಟುಕೊಂಡರೆ ಮೋಡುಗಳು ಬಿಡಿಬಿಡಿಯಾಗಿ ಹಂಚಿಹೋಗುತ್ತವೆ. ಗೋಡೆ ಏಳುವ ಮುನ್ನ ಇದಕ್ಕೆ ಖರ್ಚೇನೂ ಇಲ್ಲ.

ಈ ಅಂಕಿಗಳನ್ನು ನಾವು ಕೇಳುವ ಸಂಗೀತಕ್ಕೆ ಹೊಂದಿಸಿ ನೋಡಿದಾಗ ವಿಷಯ ಮನಸ್ಸಿಗೆ ನಾಟುತ್ತದೆ. ಪುರುಷ ಗಾಯಕರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಕರಿ ಒಂದರ (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ) ಷಡ್ಜ 138.6 ಹರ್ಟ್ಜ್. ನಮ್ಮ ಕೋಣೆಯ ಉದ್ದದ ಮೂರನೆಯ ಮೋಡ್ 141. ಅಂದರೆ ಗಾಯಕರು ಷಡ್ಜಕ್ಕೆ ಬಂದು ನಿಂತಾಗಲೆಲ್ಲ ಕೋಣೆ ಕೂಡ ಅದರ ಜೊತೆ ಎದ್ದು ನಿಲ್ಲುತ್ತದೆ. ಇದಾದರೂ ಸಹ್ಯ ಎನ್ನಬಹುದು. ಮಂದ್ರ ಸಪ್ತಕದ ಕೋಮಲ ಧೈವತದ ಆವೃತ್ತಿ ಸುಮಾರು 111 ಹರ್ಟ್ಜ್. ಅಗಲ, ಎತ್ತರಗಳೆರಡೂ ಸೇರಿ ಉಬ್ಬಿಸುವ 112ಕ್ಕೆ ಅದು ಬಹಳ ಹತ್ತಿರ. ದರಬಾರಿ ಕಾನಡದಂಥ ರಾಗದಲ್ಲಿ ಮಂದ್ರದ ಕೋಮಲ ಧೈವತವನ್ನು ಮೆಲ್ಲಗೆ ಆಂದೋಲನದಲ್ಲಿ ತೂಗುತ್ತ ನಿಲ್ಲುವುದೇ ರಾಗದ ಜೀವ. ಆ ಸೂಕ್ಷ್ಮ ತೂಗಾಟ ಧ್ವನಿಮುದ್ರಣದಲ್ಲಿ ಇದೆ, ಸ್ಪೀಕರಿನಿಂದಲೂ ಸರಿಯಾಗಿ ಹೊರಬರುತ್ತದೆ. ಆದರೆ ಕೋಣೆ ಆ ಜಾಗಕ್ಕೆ ತನ್ನದೇ ದೀರ್ಘ ಗುಂಗನ್ನು ಹಚ್ಚುವುದರಿಂದ ಕೇಳುಗರ ಕಿವಿಗೆ ಬರುವುದು ಉಬ್ಬಿದ ಒಂದೇ ಸಪಾಟು ಸ್ವರ. ಪಕ್ಕದಲ್ಲೇ ಇರುವ ಮಂದ್ರ ಪಂಚಮ, 104 ಹರ್ಟ್ಜ್, ಯಾವ ಪ್ರಮುಖ ಮೋಡಿನ ಮೇಲೂ ಕೂರದ ಕಾರಣ ಬಡಕಲಾಗಿ ಕೇಳುತ್ತದೆ. ಎಷ್ಟೋ ವರ್ಷ ಸಾಧನೆ ಮಾಡಿ ಕಲಾವಿದರು ಸಾಧಿಸಿದ ಸ್ವರಗಳ ನಡುವಿನ ತೂಕವನ್ನು ನಮ್ಮ ನಾಲ್ಕು ಗೋಡೆಗಳು ಬದಲಿಸಿಬಿಡುತ್ತವೆ ಎನ್ನುವುದು ನನ್ನನ್ನು ಬಹಳವಾಗಿ ಕಾಡುವ ಸಂಗತಿ.

ಡಗ್ಗಾದ ಪಾಡೂ ಇದೇ. ಅಂಗೈಯ ಬುಡದಿಂದ ಚರ್ಮವನ್ನು ಒತ್ತಿ ಜಾರಿಸುವಾಗ ಅದರ ಸ್ವರ ಕೆಳಗಿನಿಂದ ಮೇಲಕ್ಕೆ ಎಡೆಬಿಡದೆ ಏರುತ್ತದೆ. ಬಯಲಲ್ಲಿ ಕೇಳಿದರೆ ಆ ಏರಿಕೆ ಒಂದೇ ಗೆರೆಯಾಗಿ ಕೇಳುತ್ತದೆ. ಕೋಣೆಯಲ್ಲಾದರೆ ಅದು ಒಂದೊಂದೇ ಮೋಡನ್ನು ದಾಟಿಕೊಂಡು ಹೋಗಬೇಕು. ಮೋಡಿನ ಮೇಲೆ ಬಂದಾಗ ಉಬ್ಬುತ್ತದೆ, ನಡುವೆ ತಗ್ಗುತ್ತದೆ, ಒಂದೇ ಗೆರೆ ತುಂಡುತುಂಡಾಗುತ್ತದೆ. ಶರಣಬಸವೇಶ್ವರರ ಜಾತ್ರೆಯ ಬಯಲಿನಲ್ಲಿ ಹಲಗೆಯ ಪೆಟ್ಟು ಅಷ್ಟು ದೂರದಿಂದಲೂ ಬಿಡಿಬಿಡಿಯಾಗಿ ಕೇಳುವುದಕ್ಕೆ ಅಲ್ಲಿ ಅದನ್ನು ಹಿಡಿದು ನಿಲ್ಲಿಸಿಕೊಳ್ಳುವ ಗೋಡೆಗಳಿಲ್ಲದಿರುವುದೇ ಕಾರಣ.

ದೊಡ್ಡ ಕಟ್ಟಡಗಳಲ್ಲಿ ಈ ತೊಂದರೆ ಯಾಕಿಲ್ಲ ಎಂಬ ಪ್ರಶ್ನೆ ಸಹಜ. ನಮ್ಮ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯನ್ನೇ ತೆಗೆದುಕೊಳ್ಳಿ. 1367ರಲ್ಲಿ ಕಟ್ಟಿದ ಈ ಮಸೀದಿಗೆ ಉಳಿದ ಮಸೀದಿಗಳಿಗಿರುವಂಥ ತೆರೆದ ಅಂಗಳವಿಲ್ಲ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಇಡೀ ಜಾಗಕ್ಕೆ ಗುಮ್ಮಟಗಳ ಹೊದಿಕೆಯಿದೆ. ಅದರ ಕಮಾನುಗಳನ್ನು ಬದಿಗಿಟ್ಟು ಬರೀ ಉದ್ದವನ್ನು ಲೆಕ್ಕಕ್ಕೆ ಹಿಡಿದರೆ ಮೊದಲ ಮೋಡ್ ಎರಡೂವರೆ ಹರ್ಟ್ಜಿನ ಸುತ್ತಮುತ್ತ ಬರುತ್ತದೆ, ಅದು ಮನುಷ್ಯರ ಕಿವಿಗೆ ನಿಲುಕದ್ದು. ಕಿವಿಗೆ ನಿಲುಕುವ ಮಂದ್ರದಲ್ಲಿ ಮೋಡುಗಳು ಎಷ್ಟು ಒತ್ತೊತ್ತಾಗಿ ಸೇರಿರುತ್ತವೆಂದರೆ ಯಾವುದೊಂದೂ ಎದ್ದು ಕೇಳುವುದಿಲ್ಲ. ಅಲ್ಲಿ ಇರುವುದು ಎಲ್ಲ ಸ್ವರಗಳಿಗೂ ಸಮನಾಗಿ ಹರಡಿದ ಅನುರಣನ. ಸಣ್ಣ ಕೋಣೆಯಲ್ಲಿ ಮೋಡುಗಳು ವಿರಳವಾಗಿರುವುದರಿಂದ ಒಂದೊಂದೂ ಪ್ರತ್ಯೇಕವಾಗಿ ಕಾಡುತ್ತದೆ. ಎಲ್ಲಿಯವರೆಗೆ ಹೀಗೆ ಬಿಡಿ ಮೋಡುಗಳದೇ ಆಳ್ವಿಕೆ ಎಂಬುದನ್ನು ಜರ್ಮನ್ ವಿಜ್ಞಾನಿ ಮಾನ್‌ಫ್ರೆಡ್ ಶ್ರೋಡರ್ ಕೊಟ್ಟ ಸೂತ್ರದಿಂದ ಅಂದಾಜು ಮಾಡಬಹುದು. ನಮ್ಮ ಉದಾಹರಣೆಯ ಕೋಣೆಗೆ ಅದು 200ರಿಂದ 300 ಹರ್ಟ್ಜಿನ ನಡುವೆ ಬರುತ್ತದೆ. ಪುರುಷ ಕಂಠದ ಮಂದ್ರ ಮಧ್ಯಗಳು, ತಂಬೂರಿಯ ಖರಜ, ಡಗ್ಗಾ, ಎಲ್ಲವೂ ಈ ಗೆರೆಯ ಕೆಳಗೇ ಇವೆ.

ಈಗ ಪರಿಹಾರಕ್ಕೆ ಬರುತ್ತೇನೆ. ಆನ್‌ಲೈನಿನಲ್ಲಿ ಒಂದಿಂಚು, ಎರಡಿಂಚು ದಪ್ಪದ ಫೋಮ್ ಹಾಳೆಗಳು ಸಿಗುತ್ತವೆ, ಗೋಡೆಗೆ ಅಂಟಿಸಿದರೆ ನೋಡಲು ಸ್ಟುಡಿಯೋದ ಹಾಗೆ ಕಾಣುತ್ತದೆ. ಮೊಟ್ಟೆಯ ಟ್ರೇ ಅಂಟಿಸಿದವರನ್ನೂ ನೋಡಿದ್ದೇನೆ. ದಯವಿಟ್ಟು ಇವುಗಳಿಗೆ ಹಣ ಹಾಕಬೇಡಿ. ಫೋಮ್, ಹತ್ತಿ, ಗ್ಲಾಸ್‌ವೂಲ್ (ಗಾಜಿನ ಎಳೆ), ರಾಕ್‌ವೂಲ್ (ಕಲ್ಲಿನ ಎಳೆ) ಇವೆಲ್ಲ ಕೆಲಸ ಮಾಡುವುದು ಎಳೆಗಳ ನಡುವೆ ಗಾಳಿ ಓಡಾಡಿ ತಿಕ್ಕಾಟದಿಂದ ಶಬ್ದಶಕ್ತಿ ಶಾಖವಾಗಿ ಕರಗುವುದರ ಮೂಲಕ. ಗೋಡೆಗೆ ಅಂಟಿದ ಜಾಗದಲ್ಲಿ ಗಾಳಿಯ ಚಲನೆಯೇ ಇಲ್ಲವೆಂದು ಬಾನಿಯ ನೀರಿನಲ್ಲಿ ಕಂಡೆವಲ್ಲ. ಅಲ್ಲಿ ಎಳೆಗಳನ್ನಿಟ್ಟರೆ ತಿಕ್ಕಲು ಏನೂ ಇರುವುದಿಲ್ಲ. ಚಲನೆ ಅತಿ ಹೆಚ್ಚಿರುವುದು ಗೋಡೆಯಿಂದ ತರಂಗದೂರದ ಕಾಲು ಭಾಗದಷ್ಟು ಈಚೆಗೆ. 1,000 ಹರ್ಟ್ಜಿಗೆ ಆ ದೂರ ಎಂಟೂವರೆ ಸೆಂಟಿಮೀಟರ್, ಹಾಗಾಗಿ ಎರಡಿಂಚು ಫೋಮ್ ಅಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. 100 ಹರ್ಟ್ಜಿಗೆ ಆ ದೂರ 86 ಸೆಂಟಿಮೀಟರ್. ಎರಡಿಂಚಿನ ಹಾಳೆ ಅದರ ಹತ್ತಿರಕ್ಕೂ ಹೋಗದು. ಗೋಡೆಗೆ ಕೌದಿ ತೂಗುಹಾಕುವುದು ನೋಡಲು ಬಲು ಚಂದ, ಗೋಡೆಯಿಂದ ಒಂದು ಗೇಣು ಈಚೆ ತೂಗಿದರೆ ಮಾತಿನ ಪ್ರತಿಧ್ವನಿಯೂ ತಗ್ಗುತ್ತದೆ. ಬೇಸ್‌ನ ಮಟ್ಟಿಗೆ ಮಾತ್ರ ಅದು ಇದ್ದೂ ಇಲ್ಲದಂತೆ. ತೆಳುವಾದ ಸಾಮಗ್ರಿಯನ್ನು ಗೋಡೆ ತುಂಬ ಹಾಕಿದಷ್ಟೂ ಮೇಲಿನ ಸ್ವರಗಳು ಸತ್ತು ಕೆಳಗಿನವು ಮೆರೆಯುತ್ತವೆ, ಅಂದರೆ ರೋಗ ಉಲ್ಬಣಿಸುತ್ತದೆ.

ಆದ್ದರಿಂದ ದಪ್ಪ ಬೇಕು, ಮತ್ತು ಆ ದಪ್ಪವನ್ನು ಇಡಲು ಅತ್ಯುತ್ತಮ ಜಾಗ ಮೂಲೆ. ಉದ್ದದ ಮೋಡ್ ಇರಲಿ, ಅಗಲದ್ದಿರಲಿ, ಓರೆಯಾಗಿ ಓಡಾಡುವ ಮಿಶ್ರ ಮೋಡುಗಳಿರಲಿ, ಎಲ್ಲವೂ ಬಂದು ಮುಗಿಯುವುದು ಮೂಲೆಯಲ್ಲೇ. ಅಲ್ಲಿ ಇಟ್ಟ ಒಂದೇ ಸಾಮಗ್ರಿ ಎರಡು ದಿಕ್ಕಿನ ತೂಗಾಟಗಳಿಗೂ ಏಕಕಾಲಕ್ಕೆ ಅಡ್ಡ ಬರುತ್ತದೆ, ಜೊತೆಗೆ ಮೂಲೆಯನ್ನು ಓರೆಯಾಗಿ ಮುಚ್ಚಿದಾಗ ಮುಂದಿನ ಮೈ ಗೋಡೆಗಳಿಂದ ತಾನಾಗಿಯೇ ದೂರ ಬರುತ್ತದೆ. ಓಡಾಡುವ ಜಾಗವೂ ಹಾಳಾಗುವುದಿಲ್ಲ. ಚೌಕಾಕಾರದ ಕೋಣೆಗೆ ನೆಟ್ಟಗಿನ ಮೂಲೆಗಳು ನಾಲ್ಕು. ಗೋಡೆ ಮತ್ತು ಸ್ಲ್ಯಾಬು ಕೂಡುವ ಅಂಚುಗಳು ಇನ್ನು ನಾಲ್ಕು. ನೆಲದ ಅಂಚುಗಳು ನಾಲ್ಕು. ನಮ್ಮ ಮನೆಗಳಲ್ಲಿ ಬಾಗಿಲನ್ನು ಮೂಲೆಗೆ ಒತ್ತಿ ಇಡುವ ರೂಢಿಯಿರುವುದರಿಂದ ಒಂದು ಮೂಲೆ ಸಾಮಾನ್ಯವಾಗಿ ಕೈಬಿಟ್ಟು ಹೋಗುತ್ತದೆ. ಆಗ ಮೇಲಿನ ಅಂಚನ್ನು ಬಳಸಿಕೊಳ್ಳಬೇಕು, ಶಬ್ದಕ್ಕೆ ಮೇಲೆ ಕೆಳಗೆ ಎಂಬ ಭೇದವಿಲ್ಲ.

ಸಾಮಗ್ರಿ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಸಿಮೆಂಟ್ ಕಾರ್ಖಾನೆಗಳಲ್ಲಿ ಬಿಸಿ ಕೊಳವೆಗಳಿಗೆ ಸುತ್ತುವ ರಾಕ್‌ವೂಲ್, ಎಸಿ ಡಕ್ಟಿಗೆ ಹಚ್ಚುವ ಗ್ಲಾಸ್‌ವೂಲ್, ಇವೇ ಬೇಸ್ ಟ್ರ್ಯಾಪಿನ ಒಡಲು. ಇನ್ಸುಲೇಷನ್ ಕೆಲಸ ಮಾಡುವ ಗುತ್ತಿಗೆದಾರರನ್ನು ಕೇಳಿದರೆ 2 ಅಡಿ ಅಗಲ, 4 ಅಡಿ ಉದ್ದ, 2 ಇಂಚು ದಪ್ಪದ ಸ್ಲ್ಯಾಬುಗಳನ್ನು ತರಿಸಿಕೊಡುತ್ತಾರೆ. ಘನ ಮೀಟರಿಗೆ 48 ಕಿಲೋ ಸಾಂದ್ರತೆಯದು ನಾಲ್ಕೈದು ಇಂಚಿನ ದಪ್ಪಕ್ಕೆ ಚೆನ್ನಾಗಿ ಒದಗುತ್ತದೆ. ಒಂದಡಿಗಿಂತ ಆಳವಾಗಿ ತುಂಬುವುದಾದರೆ ಇನ್ನೂ ಹಗುರವಾದ ಗ್ಲಾಸ್‌ವೂಲೇ ಮೇಲು; ಬಹಳ ಒತ್ತಾದ ಸಾಮಗ್ರಿಯ ಒಳಕ್ಕೆ ಅಲೆ ಇಳಿಯದೆ ಮೇಲಿನಿಂದಲೇ ತಿರುಗಿಬಿಡುತ್ತದೆ. ಹೆಚ್ಚು ಸಾಂದ್ರ ಎಂದರೆ ಹೆಚ್ಚು ಒಳ್ಳೆಯದು ಎಂದು ಅಂಗಡಿಯವರು ಹೇಳಿದರೆ ಕೇಳಬೇಡಿ.

ಕಟ್ಟುವ ಬಗೆ ಎರಡಿದೆ. ಜಾಗ ಇದ್ದವರು ಒಂದೊಂದು ಸ್ಲ್ಯಾಬನ್ನು ಎರಡು ಚೌಕ ಮಾಡಿ, ಪ್ರತಿ ಚೌಕವನ್ನು ಕರ್ಣದ ಮೇಲೆ ಕೊಯ್ದು ನಾಲ್ಕು ತ್ರಿಕೋನ ಮಾಡಿಕೊಂಡು, ಮೂಲೆಯಲ್ಲಿ ನೆಲದಿಂದ ಚಾವಣಿಯವರೆಗೆ ಒಂದರ ಮೇಲೊಂದು ಪೇರಿಸಬೇಕು. 10 ಅಡಿ ಎತ್ತರಕ್ಕೆ 60 ತ್ರಿಕೋನ, ಅಂದರೆ ಒಂದು ಮೂಲೆಗೆ 15 ಸ್ಲ್ಯಾಬು. ಮುಂದಿನ ಮೈ 34 ಇಂಚು ಅಗಲ, ಮೂಲೆಯವರೆಗಿನ ಆಳ 17 ಇಂಚು. ಅಷ್ಟು ಜಾಗ ಕೊಡಲಾಗದವರು ಚೌಕವನ್ನು ಎರಡೂ ಕರ್ಣಗಳ ಮೇಲೆ ಕೊಯ್ದು ಸಣ್ಣ ತ್ರಿಕೋನ ಮಾಡಿದರೆ ಏಳೂವರೆ ಸ್ಲ್ಯಾಬು ಸಾಕು, ಆಳ ಒಂದಡಿ ಬರುತ್ತದೆ. ಪೇರಿಸುವಾಗ ನಡುವೆ ಒಂದೆರಡು ಕಡೆ ತಂತಿ ಜಾಲರಿಯ ಆಸರೆ ಕೊಡಬೇಕು, ಇಲ್ಲದಿದ್ದರೆ ಮೇಲಿನ ಭಾರಕ್ಕೆ ಕೆಳಗಿನವು ಕುಸಿದು ಮೇಲ್ಗಡೆ ಖಾಲಿ ಜಾಗ ಬೀಳುತ್ತದೆ. ಎರಡನೆಯ ಬಗೆ ಬಾಡಿಗೆ ಮನೆಯವರಿಗೆ ಹೇಳಿ ಮಾಡಿಸಿದ್ದು: ಎರಡು ಸ್ಲ್ಯಾಬು ಜೋಡಿಸಿದ ನಾಲ್ಕಿಂಚಿನ ಫಲಕವನ್ನು ಮರದ ಚೌಕಟ್ಟಿನಲ್ಲಿ ಕೂರಿಸಿ ಮೂಲೆಗೆ ಅಡ್ಡಲಾಗಿ ನಿಲ್ಲಿಸುವುದು, ಅದರ ಮೇಲೆ ಇನ್ನೊಂದು. ಹಿಂದಿನ ತ್ರಿಕೋನದ ಗಾಳಿಯೇ ಆಳದ ಕೆಲಸ ಮಾಡುತ್ತದೆ. ಮೂಲೆಗೆ ನಾಲ್ಕು ಸ್ಲ್ಯಾಬಿನಲ್ಲಿ ಕೆಲಸ ಮುಗಿಯುತ್ತದೆ, ಗೋಡೆಗೆ ಮೊಳೆ ಹೊಡೆಯಬೇಕಿಲ್ಲ, ಮನೆ ಬಿಡುವಾಗ ಎತ್ತಿಕೊಂಡು ಹೋಗಬಹುದು. ತ್ರಿಕೋನದ ಪೇರಿಕೆಗಿಂತ ಕೊಂಚ ಕಡಿಮೆಯಾದರೂ ಖರ್ಚಿಗೆ ತಕ್ಕ ಫಲದಲ್ಲಿ ಇದೇ ಮುಂದು ಎಂಬುದು ನನ್ನ ಅಭಿಪ್ರಾಯ.

ಮೇಲೆ ಹೊದಿಸುವ ಬಟ್ಟೆಗೆ ಒಂದೇ ಪರೀಕ್ಷೆ: ಬಾಯಿಗೆ ಒತ್ತಿ ಹಿಡಿದು ಊದಿದರೆ ಉಸಿರು ಸರಾಗವಾಗಿ ಆಚೆ ಹೋಗಬೇಕು. ಬೇಳೆ ಮಿಲ್ಲುಗಳ ಊರಾದ ಕಲಬುರಗಿಯಲ್ಲಿ ಗೋಣಿ ತಟ್ಟಿಗೆ ಬರವಿಲ್ಲ. ಹೊಸ ತಟ್ಟನ್ನು ಒಗೆದು, ಒಣಗಿಸಿ, ಬಿಗಿಯಾಗಿ ಎಳೆದು ಬಡಿದರೆ ಶಬ್ದ ಅಡ್ಡಿಯಿಲ್ಲದೆ ಒಳಹೋಗುತ್ತದೆ, ನೋಡಲೂ ಗಂಭೀರವಾಗಿರುತ್ತದೆ. ಅದರೊಳಗೆ ಒಂದು ತೆಳು ಹತ್ತಿಬಟ್ಟೆಯ ಪದರ ಇರಲಿ, ಎಳೆಗಳು ಉದುರಿ ಹೊರಬರುವುದಿಲ್ಲ. ಕೊಯ್ಯುವಾಗ ಕೈಗವಸು, ಮಾಸ್ಕು, ತುಂಬು ತೋಳಿನ ಅಂಗಿ ಬೇಕೇ ಬೇಕು. ಆ ಎಳೆಗಳು ಚರ್ಮಕ್ಕೂ ಗಂಟಲಿಗೂ ತುರಿಕೆ ತರುತ್ತವೆ. ಚೌಕಟ್ಟಿನ ಮರಕ್ಕೆ ಗೆದ್ದಲಿನ ಔಷಧಿ ಹಚ್ಚಿ, ನೆಲದಿಂದ ಎರಡು ಇಂಚು ಎತ್ತರಿಸಿ, ಕೆಳಬಾಯಿಗೆ ಇಲಿ ನುಗ್ಗದಂತೆ ಜಾಲರಿ ಹಾಕಿಸಿ. ರಾಕ್‌ವೂಲಿಗೆ ಬೆಂಕಿ ಹತ್ತುವುದಿಲ್ಲ. ಸಾಧಾರಣ ಪಾಲಿಯುರೆಥೇನ್ ಫೋಮ್ ಹತ್ತಿ ಉರಿದರೆ ಹೊಮ್ಮುವ ಹೊಗೆ ಪ್ರಾಣಾಂತಿಕ, ಮಲಗುವ ಕೋಣೆಯಲ್ಲೇ ಸಂಗೀತ ಕೇಳುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಎಳೆಗಳ ಟ್ರ್ಯಾಪಿಗೆ ಒಂದು ಮಿತಿ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 47 ಹರ್ಟ್ಜಿನ ಕಾಲು ತರಂಗದೂರ 1.8 ಮೀಟರ್, 17 ಇಂಚಿನ ಆಳ ಅದಕ್ಕೆ ಸಾಲದು. ಅಷ್ಟು ಕೆಳಗೆ ಅದು ಗುಂಗನ್ನು ಸ್ವಲ್ಪ ಕುಗ್ಗಿಸುತ್ತದೆ, ಪೂರ್ತಿ ಹೀರುವುದಿಲ್ಲ. ಅಲ್ಲಿಗೆ ಬೇಕಾದರೆ ಒತ್ತಡದ ಮೇಲೆ ಕೆಲಸ ಮಾಡುವ ಬೇರೆ ಜಾತಿಯ ಟ್ರ್ಯಾಪುಗಳಿವೆ. ಮುಚ್ಚಿದ ಪೆಟ್ಟಿಗೆಗೆ ತೆಳು ಪ್ಲೈವುಡ್ಡಿನ ಮುಖ ಕೊಟ್ಟರೆ ಆ ಹಲಗೆಯ ತೂಕ ಮತ್ತು ಒಳಗಿನ ಗಾಳಿ ಸೇರಿ ಒಂದು ನಿರ್ದಿಷ್ಟ ಆವೃತ್ತಿಗೆ ಕಂಪಿಸುತ್ತವೆ. 6 ಮಿಲಿಮೀಟರ್ ಪ್ಲೈ, ನಾಲ್ಕಿಂಚು ಆಳದ ಪೆಟ್ಟಿಗೆಗೆ ಅದು ಸುಮಾರು 95 ಹರ್ಟ್ಜ್, ಎಂಟಿಂಚು ಆಳಕ್ಕೆ 67ರ ಹತ್ತಿರ. ಇನ್ನೊಂದು ಜಾತಿ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ವಿವರಿಸಿದ ಕೊಡದ ತತ್ತ್ವದ್ದು: ಹೊಟ್ಟೆಯ ಗಾಳಿಯ ಒತ್ತಡಕ್ಕೆ ಕುತ್ತಿಗೆಯಲ್ಲಿನ ಗಾಳಿ ಒಳಹೊರಗೆ ಜಿಗಿದಾಡುತ್ತದೆ. ಯೂರೋಪಿನ ಮಧ್ಯಯುಗದ ಚರ್ಚುಗಳ ಗೋಡೆಗಳಲ್ಲಿ ಮಣ್ಣಿನ ಗಡಿಗೆಗಳನ್ನು ಹುದುಗಿಸಿರುವುದು ಇಂದಿಗೂ ಕಾಣುತ್ತದೆ. ಹತ್ತು ಲೀಟರಿನ ನಮ್ಮ ಮಣ್ಣಿನ ಕೊಡವೂ ನೂರರಿಂದ ನೂರೈವತ್ತು ಹರ್ಟ್ಜಿನ ನಡುವೆ ಎಲ್ಲೋ ಗುಂಯ್ ಎನ್ನುತ್ತದೆ, ಬಾಯಿಯ ಅಗಲದ ಮೇಲೆ ಅದು ಬದಲಾಗುತ್ತದೆ.

ಪ್ಲೈವುಡ್ಡಿನ ಪೆಟ್ಟಿಗೆಯಂಥ ಶ್ರುತಿಬದ್ಧ ಟ್ರ್ಯಾಪುಗಳನ್ನು ನಮ್ಮ ಊರಿನಲ್ಲಿ ಮೊದಲ ಆಯ್ಕೆಯಾಗಿ ನಾನು ಒಪ್ಪದಿರಲು ಕಾರಣ ನಮ್ಮ ಬಿಸಿಲು. ಗಾಳಿ ಬಿಸಿಯಾದಷ್ಟೂ ಶಬ್ದದ ವೇಗ ಹೆಚ್ಚುತ್ತದೆ. ಡಿಸೆಂಬರಿನ ಬೆಳಗ್ಗೆ ಕೋಣೆಯೊಳಗೆ 18 ಡಿಗ್ರಿ ಇದ್ದಾಗ ವೇಗ 342 ಮೀಟರ್. ಮೇ ತಿಂಗಳ ಮಧ್ಯಾಹ್ನ ಒಳಗೇ 40 ಡಿಗ್ರಿ ಮುಟ್ಟಿದಾಗ 355. ಹೀಗಾಗಿ ಉದ್ದದ ಮೊದಲ ಮೋಡ್ ಸುಮಾರು 2 ಹರ್ಟ್ಜ್ ಮೇಲಕ್ಕೆ ಸರಿಯುತ್ತದೆ, 112ರ ಮೋಡ್ 4 ಹರ್ಟ್ಜಿಗೂ ಹೆಚ್ಚು. ಪ್ಲೈವುಡ್ಡಿನ ಪೆಟ್ಟಿಗೆ ಮಾತ್ರ ತನ್ನ ಜಾಗದಲ್ಲೇ ಇರುತ್ತದೆ, ಏಕೆಂದರೆ ಅದರ ಶ್ರುತಿ ನಿಂತಿರುವುದು ಹಲಗೆಯ ತೂಕ ಮತ್ತು ಒಳಗಾಳಿಯ ಬಿಗಿತದ ಮೇಲೆ, ಆ ಬಿಗಿತ ಶಾಖದಿಂದ ಬದಲಾಗುವುದಿಲ್ಲ. ಚಳಿಗಾಲದಲ್ಲಿ ಸರಿಯಾಗಿ ಕೂತ ಇಕ್ಕಟ್ಟಾದ ಶ್ರುತಿ ಬೇಸಿಗೆಗೆ ತಪ್ಪಿಹೋಗುತ್ತದೆ. ಎಳೆಗಳ ದಪ್ಪ ಟ್ರ್ಯಾಪು ವಿಶಾಲ ಹರವಿನಲ್ಲಿ ಹೀರುವುದರಿಂದ ಅದಕ್ಕೆ ಋತುವಿನ ಹಂಗಿಲ್ಲ. ಇಕ್ವಲೈಸರಿನಲ್ಲಿ (ಬೇರೆ ಬೇರೆ ಆವೃತ್ತಿಗಳ ಮಟ್ಟ ಏರಿಳಿಸುವ ಸಾಧನದಲ್ಲಿ) ಚೂಪಾದ ಕಡಿತ ಕೊಟ್ಟು ಮೋಡ್ ಅಡಗಿಸುವವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಇಕ್ವಲೈಸರ್ ಉಬ್ಬನ್ನು ತಗ್ಗಿಸಬಲ್ಲದು, ಆದರೆ ಎರಡು ಅಲೆಗಳು ಒಂದನ್ನೊಂದು ಅಳಿಸಿಹಾಕಿ ಆದ ಹಳ್ಳವನ್ನು ತುಂಬಲಾರದು. ಅಲ್ಲಿ ಎಷ್ಟು ಶಕ್ತಿ ಸುರಿದರೂ ಪ್ರತಿಫಲಿತ ಅಲೆಯೂ ಅಷ್ಟೇ ಬೆಳೆದು ಅಳಿಸುತ್ತದೆ, ಸ್ಪೀಕರ್ ಬಳಲುವುದೊಂದೇ ಲಾಭ.

ಟ್ರ್ಯಾಪಿಗೆ ದುಡ್ಡು ಹಾಕುವ ಮೊದಲು ಪುಕ್ಕಟೆಯಾಗಿ ಮಾಡಬಹುದಾದದ್ದನ್ನು ಮಾಡಿಕೊಳ್ಳಿ. ಮೊಬೈಲಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ ನಿಮ್ಮ ಕೋಣೆಯ ಲೆಕ್ಕದ ಆವೃತ್ತಿಯನ್ನು ಹದವಾದ ಧ್ವನಿಯಲ್ಲಿ ಸ್ಪೀಕರಿನಿಂದ ನುಡಿಸಿ, ಉದ್ದಕ್ಕೂ ಮೆಲ್ಲಗೆ ನಡೆಯಿರಿ. 12 ಅಡಿ ಉದ್ದಕ್ಕೆ 47 ಹರ್ಟ್ಜ್ ಇಟ್ಟರೆ ಗೋಡೆಯ ಬಳಿ ಎದೆಗೆ ಒತ್ತುವಂಥ ನಾದ, ಆರು ಅಡಿಯ ಸುತ್ತ ಬಂದಾಗ ಕ್ಷೀಣಿಸಿ ಇಲ್ಲವಾಗುತ್ತದೆ, ಎರಡು ಹೆಜ್ಜೆ ಮುಂದೆ ಹೋದರೆ ಮತ್ತೆ ಏಳುತ್ತದೆ. ಒಮ್ಮೆ ಇದನ್ನು ಸ್ವತಃ ಅನುಭವಿಸಿದವರಿಗೆ ಕೋಣೆಯ ಪಾತ್ರದ ಬಗ್ಗೆ ಬೇರೆ ಯಾರೂ ವಾದ ಮಾಡಬೇಕಾಗಿಲ್ಲ. ಕೂರುವ ಜಾಗ ಹಿಂದಿನ ಗೋಡೆಗೆ ಅಂಟಿಯೂ ಇರಬಾರದು, ನಟ್ಟನಡುವೆಯೂ ಇರಬಾರದು; ಹಿಂದಿನ ಗೋಡೆಯಿಂದ ಉದ್ದದ ಸುಮಾರು ಶೇಕಡಾ 38ರಷ್ಟು ದೂರ, ಅಂದರೆ ಇಲ್ಲಿ ನಾಲ್ಕೂವರೆ ಅಡಿ, ಒಳ್ಳೆಯ ಆರಂಭದ ಜಾಗ. ಸ್ಪೀಕರಿನ ಹಿಂದಿನ ಗೋಡೆಯಿಂದ ಬರುವ ಪ್ರತಿಫಲನವೂ ಒಂದು ಹಳ್ಳ ತೋಡುತ್ತದೆ: ಸ್ಪೀಕರಿನ ಮುಖ ಆ ಗೋಡೆಯಿಂದ ಎರಡು ಅಡಿ ದೂರವಿದ್ದರೆ 140 ಹರ್ಟ್ಜಿನ ಸುತ್ತ, ಒಂದು ಮೀಟರ್ ಇದ್ದರೆ 86ರ ಸುತ್ತ. ಒಂದೊಂದು ಗೇಣು ಸರಿಸಿ ಕೇಳಿ ನೋಡಿ. ಅಳತೆ ಮಾಡಿಯೇ ಮುಂದುವರಿಯುವ ಮನಸ್ಸಿದ್ದರೆ ರೂಮ್ ಈಕ್ಯೂ ವಿಝರ್ಡ್ ಎಂಬ ಉಚಿತ ಸಾಫ್ಟ್‌ವೇರ್ ಮತ್ತು ಯುಎಸ್‌ಬಿ ಮೆಷರ್‌ಮೆಂಟ್ ಮೈಕ್ ಸಾಕು. ಅದರ ವಾಟರ್‌ಫಾಲ್ ಗ್ರಾಫಿನಲ್ಲಿ ಯಾವ ಸ್ವರ ಎಷ್ಟು ಹೊತ್ತು ಉಳಿಯುತ್ತದೆಂದು ಕಣ್ಣಿಗೇ ಕಾಣುತ್ತದೆ. ಟ್ರ್ಯಾಪಿನ ನಿಜವಾದ ಫಲ ನೋಡಬೇಕಾದದ್ದು ಅಲ್ಲೇ, ಎತ್ತರದ ಗೆರೆಗಿಂತ ಬಾಲದ ಉದ್ದದಲ್ಲಿ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಹಿರಿಯರೊಬ್ಬರು ಮನೆಯಲ್ಲಿರುವ ಹಳೆಯ ಅರಳೆ ಗಾದಿಗಳು ಕೆಲಸಕ್ಕೆ ಬರುತ್ತವೆಯೇ ಎಂದು ಕೇಳಿದರು. ಖಂಡಿತ ಬರುತ್ತವೆ, ಸರ್. ಎರಡು ಗಾದಿಗಳನ್ನು ಸುತ್ತಿ ಒಂದೂವರೆ ಅಡಿ ದಪ್ಪದ ಉರುಳೆ ಮಾಡಿ ಸ್ಪೀಕರಿನ ಹಿಂದಿನ ಎರಡು ಮೂಲೆಗಳಲ್ಲಿ ನಿಲ್ಲಿಸಿ, ಪರಿಚಿತವಾದ ಒಂದು ಧ್ವನಿಮುದ್ರಣವನ್ನು ಅವು ಇದ್ದಾಗ ಒಮ್ಮೆ, ಇಲ್ಲದಿದ್ದಾಗ ಒಮ್ಮೆ ಕೇಳಿ. ವ್ಯತ್ಯಾಸ ಕಿವಿಗೆ ಬಿದ್ದರೆ ರಾಕ್‌ವೂಲಿಗೆ ಖರ್ಚು ಮಾಡುವ ಧೈರ್ಯ ಬರುತ್ತದೆ. ಹತ್ತಿಗೆ ಬೆಂಕಿಯ ಭಯವೂ ಹುಳದ ಕಾಟವೂ ಇರುವುದರಿಂದ ಅದನ್ನು ಪರೀಕ್ಷೆಗೆ ಮಾತ್ರ ಇಟ್ಟುಕೊಳ್ಳುವುದು ಕ್ಷೇಮ.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನಿಂದ ಬಂದದ್ದು: ಮೆರವಣಿಗೆಯ ಡಿಜೆ ಸದ್ದು ಒಳಗೆ ಬಾರದಂತೆ ಇದು ತಡೆಯುತ್ತದೆಯೇ? ತಡೆಯುವುದಿಲ್ಲ. ಬೇಸ್ ಟ್ರ್ಯಾಪ್ ಕೋಣೆಯೊಳಗೆ ಹುಟ್ಟಿದ ಧ್ವನಿಯ ಗುಂಗನ್ನು ಕರಗಿಸುತ್ತದೆ. ಹೊರಗಿನದು ಒಳಬರುವುದನ್ನು, ಒಳಗಿನದು ನೆರೆಮನೆಗೆ ಹೋಗುವುದನ್ನು ನಿಲ್ಲಿಸಲು ಭಾರವಾದ ಗೋಡೆ ಮತ್ತು ಸಂದಿಯಿಲ್ಲದ ಮುಚ್ಚಿಗೆ ಬೇಕು. ಗೋಡೆಯ ಭಾರ ನಮ್ಮ ಮನೆಗಳಲ್ಲಿ ಈಗಾಗಲೇ ಇದೆ. ಸದ್ದು ನುಗ್ಗುವುದು ಕಿಟಕಿಯ ಚೌಕಟ್ಟಿನ ಸುತ್ತಲಿನ ಬಿರುಕುಗಳಿಂದ ಮತ್ತು ಬಾಗಿಲಿನ ಕೆಳಗಿನ ಸಂದಿಯಿಂದ. ಅಲ್ಲಿ ರಬ್ಬರ್ ಪಟ್ಟಿ ಹಾಕಿಸಿ, ಕಿಟಕಿಗೆ ಅಂತರ ಬಿಟ್ಟು ಎರಡನೆಯ ದಪ್ಪ ಗಾಜು ಕೂರಿಸಿದರೆ ಮೇಲಿನ ಸದ್ದು ಸಾಕಷ್ಟು ತಗ್ಗುತ್ತದೆ, ಡಿಜೆಯ ಬೇಸ್ ಮಾತ್ರ ಸ್ವಲ್ಪವೇ ಕಡಿಮೆಯಾಗುತ್ತದೆ.